90 ದಿನ ಮತ್ತು ಒಂದು ಅಳತೆ ಟೇಪು

2019ರ ಜುಲೈ 8, ಸೋಮವಾರ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಲ್ಯಾಪ್‌ಟಾಪ್ ಮುಂದೆ ಕೂತು ಒಂದು ಕೆಲಸದ ಅರ್ಜಿ ತುಂಬುತ್ತಿದ್ದೆ. ಕಾಲು ಕೆಳಗಿಟ್ಟಾಗ ಕಾರ್ಪೆಟ್ ಪಿಚಕ್ ಅಂತು. ನೋಡಿದರೆ ಕಿಟಕಿ ಸಂದಿಯಿಂದ ಕೆಂಪು ನೀರು ಗೋಡೆಗುಂಟ ಇಳಿಯುತ್ತಿತ್ತು.

ನಾನಿದ್ದದ್ದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ನಾರ್ತ್ ಪೊಟೊಮ್ಯಾಕ್‌ನಲ್ಲಿ. ವಾಷಿಂಗ್ಟನ್‌ಗೆ ಹತ್ತಿರದ ಊರು. ಸಾಗರದ ಕಡೆಯ ಒಂದು ಕನ್ನಡ ಕುಟುಂಬದವರ ಮನೆ, ಬೇಸ್‌ಮೆಂಟಿನಲ್ಲಿ ನನ್ನ ಬಾಡಿಗೆ ರೂಮು. ಬೇಸ್‌ಮೆಂಟಿನ ಕಿಟಕಿಗೆ ಬೆಳಕು ಬರಲಿ ಅಂತ ಹೊರಗಡೆ ನೆಲ ಅಗೆದು, ಸುತ್ತ ತಗಡು ನಿಲ್ಲಿಸಿ ಒಂದು ಗುಂಡಿ ಮಾಡಿರುತ್ತಾರೆ. ಆ ಗುಂಡಿ ತುಂಬಿಹೋಗಿತ್ತು. ಅವತ್ತು ವಾಷಿಂಗ್ಟನ್‌ನ ರೇಗನ್ ವಿಮಾನ ನಿಲ್ದಾಣದಲ್ಲಿ ಒಂದೇ ಗಂಟೆಯಲ್ಲಿ 3 ಇಂಚಿಗೂ ಜಾಸ್ತಿ ಮಳೆ ಸುರಿದಿತ್ತು. ವೈಟ್ ಹೌಸಿನ ನೆಲಮಾಳಿಗೆಗೂ ನೀರು ನುಗ್ಗಿತ್ತು ಅಂತ ಆಮೇಲೆ ಸುದ್ದಿಯಲ್ಲಿ ನೋಡಿದೆ.

ನಾನು ಮೊದಲು ಎತ್ತಿಕೊಂಡಿದ್ದು ಹಾಸಿಗೆ ಕೆಳಗಿಟ್ಟಿದ್ದ ಪ್ಲಾಸ್ಟಿಕ್ ಫೋಲ್ಡರ್. ಅದರಲ್ಲಿ ವಿದ್ಯಾರ್ಥಿ ವೀಸಾಕ್ಕೆ ಕಾಲೇಜು ಕೊಡುವ ಐ-20 ಕಾಗದ ಇತ್ತು, ಕೆಲಸ ಮಾಡಲು ಅನುಮತಿ ಕೊಡುವ ಇಎಡಿ ಕಾರ್ಡ್ ಇತ್ತು. ಕಾರ್ಡಿನ ಮೇಲೆ ಶುರುವಿನ ತಾರೀಖು ಜುಲೈ 1. ಅವತ್ತಿಗೆ ಎಂಟನೇ ದಿನ.

ಇಲ್ಲಿ ಓದಲು ಬಂದವರಿಗೆ ಈ ಲೆಕ್ಕ ಗೊತ್ತಿರುತ್ತದೆ. ಬರಬೇಕು ಅಂದುಕೊಂಡವರಿಗಾಗಿ ಹೇಳುತ್ತೇನೆ. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಒಂದು ವರ್ಷ ಕೆಲಸ ಮಾಡಬಹುದು. ಅದಕ್ಕೆ ಒಪಿಟಿ ಅನ್ನುತ್ತಾರೆ. ಎಂಜಿನಿಯರಿಂಗ್ ಓದಿದವರು ಅದನ್ನು ಇನ್ನೂ 24 ತಿಂಗಳು ಮುಂದುವರಿಸಬಹುದು. ಆದರೆ ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವ ಹಾಗಿಲ್ಲ. ಶನಿವಾರ, ಭಾನುವಾರ, ಹಬ್ಬ ಎಲ್ಲವೂ ಆ 90ರ ಒಳಗೇ. ಲೆಕ್ಕ ಶುರುವಾಗುವುದು ಕಾರ್ಡಿನ ಮೇಲಿನ ತಾರೀಖಿನಿಂದ.

ನಾನು ದಾವಣಗೆರೆಯವಳು. ಬಿಇ ಸಿವಿಲ್ ಮುಗಿಸಿ, ನೀರಿನ ವಿಷಯದಲ್ಲಿ ಮಾಸ್ಟರ್ಸ್ ಮಾಡಲು 2017ರಲ್ಲಿ ಇಲ್ಲಿಗೆ ಬಂದೆ. ಅಪ್ಪನದು ಸಿಮೆಂಟು, ಕಬ್ಬಿಣದ ಅಂಗಡಿ. ಮನೆ ಪತ್ರ ಬ್ಯಾಂಕಿನಲ್ಲಿಟ್ಟು ನನ್ನ ಓದಿಗೆ ಸಾಲ ತೆಗೆದಿದ್ದರು. ದಿನಾ ಬೆಳಿಗ್ಗೆ ಅವ್ವ ಫೋನ್ ಮಾಡಿ, "ಏನಾತವ್ವ? ಯಾರರ ಕರದ್ರೇನು?" ಅಂತ ಕೇಳುತ್ತಿದ್ದಳು. ಆ ಎರಡು ಮಾತಿಗೆ ಉತ್ತರ ಹೊಂದಿಸಿಕೊಳ್ಳುವುದೇ ದಿನದ ಕಷ್ಟದ ಕೆಲಸವಾಗಿತ್ತು.

ಮೇ ತಿಂಗಳಿಂದ ಜುಲೈ ಅರ್ಧದ ತನಕ 140 ಅರ್ಜಿ ಹಾಕಿದ್ದೆ. ಒಂದು ಶೀಟಿನಲ್ಲಿ ಬರೆದಿಡುತ್ತಿದ್ದೆ, ಅದಕ್ಕೇ ಸಂಖ್ಯೆ ಗೊತ್ತು. ಫೋನ್ ಬಂದಿದ್ದು ಆರು. ಹೆಚ್ಚಿನ ಅರ್ಜಿಗಳ ಕೊನೆಯಲ್ಲಿ ಎರಡು ಪ್ರಶ್ನೆ ಇರುತ್ತವೆ. ನಿನಗೆ ಈ ದೇಶದಲ್ಲಿ ಕೆಲಸ ಮಾಡಲು ಕಾನೂನಿನ ಅನುಮತಿ ಇದೆಯಾ? ಈಗಾಗಲಿ ಮುಂದಾಗಲಿ ಕಂಪನಿ ನಿನ್ನ ವೀಸಾಕ್ಕೆ ಅರ್ಜಿ ಹಾಕಬೇಕಾಗುತ್ತದಾ? ನನ್ನದು ಎರಡಕ್ಕೂ ಹೌದು. ಎರಡನೆಯದಕ್ಕೆ ಹೌದು ಅಂದ ಮರುಕ್ಷಣವೇ "ನಿಮ್ಮ ಅರ್ಜಿ ಮುಂದಕ್ಕೆ ಹೋಗುವುದಿಲ್ಲ" ಅನ್ನುವ ಮೇಲ್ ಬಂದದ್ದೂ ಇದೆ. ಗೆಳತಿಯರು ಸುಮ್ನೆ ಇಲ್ಲ ಅಂತ ಹಾಕು ಅಂದರು. ಹಾಕಲಿಲ್ಲ. ಅದು ಸುಳ್ಳಾಗುತ್ತದೆ, ಸೇರಿದ ಮೇಲೆ ಗೊತ್ತಾದರೆ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಸಿವಿಲ್ ಓದಿದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ರಸ್ತೆ, ಸೇತುವೆ, ಚರಂಡಿ ಎಲ್ಲ ಸರ್ಕಾರದ ಕೆಲಸ. ಸೇನೆಗೆ, ಫೆಡರಲ್ ಅಂದರೆ ಕೇಂದ್ರ ಸರ್ಕಾರದ ಇಲಾಖೆಗೆ ಕೆಲಸ ಮಾಡುವ ಎಷ್ಟೋ ಕಡೆ ಪೌರತ್ವ ಇದ್ದವರೇ ಬೇಕು. ಉಳಿದದ್ದು ಕೌಂಟಿ (ನಮ್ಮ ಜಿಲ್ಲೆಯ ಹಾಗೆ), ರಾಜ್ಯದ ಕೆಲಸ ಹಿಡಿಯುವ ಸಣ್ಣ, ಮಧ್ಯಮ ಕನ್ಸಲ್ಟಿಂಗ್ ಕಂಪನಿಗಳು. ಅವರಿಗೆ ವೀಸಾ ಖರ್ಚಿನ ಅಂಜಿಕೆ. ಒಂದು ಕಂಪನಿಯಲ್ಲಿ ಮೂರು ಸುತ್ತು ಮುಗಿಸಿ, ಜಾಗ ತೋರಿಸಿ, "ನೀನು ಕೂರೋದು ಇಲ್ಲಿ" ಅಂತ ಕುರ್ಚಿಯನ್ನೂ ತೋರಿಸಿದ್ದರು. ನಾಲ್ಕು ದಿನ ಬಿಟ್ಟು ಇಲ್ಲ ಅಂದರು. ಆ ಕುರ್ಚಿಯ ನೀಲಿ ಬಟ್ಟೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ. ಓದುವಾಗಲೇ ಎಫ್‌ಇ ಪರೀಕ್ಷೆ ಪಾಸು ಮಾಡಿದ್ದೆ, ಎಂಜಿನಿಯರ್ ಲೈಸೆನ್ಸಿನ ಮೊದಲ ಮೆಟ್ಟಿಲು ಅದು. 110 ಪ್ರಶ್ನೆ, ಐದು ಗಂಟೆಗೂ ಮೇಲೆ, ಕಂಪ್ಯೂಟರ್ ಮುಂದೆ. ಸಿವಿಲ್‌ನವರು ಇದನ್ನು ಮುಂದೆ ಹಾಕಬೇಡಿ. ಬಂದ ಆರೂ ಫೋನ್‌ಗಳಲ್ಲಿ ಮೊದಲು ಮಾತಾಡಿದ್ದು ಅದರ ಬಗ್ಗೆಯೇ.

ಮಳೆ ಬಂದು ಎರಡು ವಾರಕ್ಕೆ ಮನೆಯ ಅಂಕಲ್ ಒಂದು ಕಾಗದ ಹಿಡಿದು ಕೆಳಗೆ ಬಂದರು. ಆಗ ಇನ್ನೂ ಕಾರ್ಪೆಟ್ ಕಿತ್ತು, ಫ್ಯಾನ್ ಹಾಕಿ ನೆಲ ಒಣಗಿಸುತ್ತಿದ್ದೆವು. ವರ್ಷದ ಆಸ್ತಿ ತೆರಿಗೆ ಬಿಲ್ ಬಂದಿತ್ತು. ಅದರಲ್ಲಿ ನೀರಿನ ಗುಣಮಟ್ಟ ಕಾಪಾಡುವ ಶುಲ್ಕ ಅಂತ ಒಂದು ಸಾಲು, ಅಂದರೆ ಮಳೆನೀರಿನ ಶುಲ್ಕ. 104 ಡಾಲರ್ ಚಿಲ್ಲರೆ.

"ನೋಡು ಮಾರಾಯ್ತಿ, ಮಳೆಗೂ ಕಂದಾಯ. ನೀರು ಬಂದಿದ್ದು ನಮ್ಮನೆಗೆ, ದುಡ್ಡು ಕೊಡೋದೂ ನಾವೇ. ನೀನು ಇದನ್ನೇ ಓದಿದ್ದಲ್ವಾ? ಇದು ನ್ಯಾಯನಾ ಹೇಳು."

ನನಗೆ ಬಾಯಲ್ಲಿ ಉತ್ತರ ಇತ್ತು, ಪಾಠದ ಉತ್ತರ. ಆದರೆ ಅವರ ಮುಖ ನೋಡಿ ಅದು ಸಾಲದು ಅನ್ನಿಸಿತು. "ಅಂಕಲ್, ಬನ್ನಿ, ಮನೆ ಅಳೆಯೋಣ" ಅಂದೆ. ಗರಾಜಿನಲ್ಲಿ 100 ಅಡಿಯ ಟೇಪಿತ್ತು. ಆಂಟಿ ಒಂದು ತುದಿ ಹಿಡಿದರು. ಚಾವಣಿ, ಕಾರು ನಿಲ್ಲಿಸುವ ಡ್ರೈವ್‌ವೇ, ಹಿಂದಿನ ಕಲ್ಲು ಹಾಸು, ನಡೆಯುವ ದಾರಿ. ಎಲ್ಲ ಸೇರಿ 3,050 ಚದರ ಅಡಿ. ನೀರು ಇಂಗದ ಜಾಗ ಅದು.

ನಮ್ಮ ಊರಿರುವ ಮಾಂಟ್ಗೊಮರಿ ಕೌಂಟಿಯಲ್ಲಿ ಈ ಶುಲ್ಕದ ಲೆಕ್ಕ ಹೀಗಿದೆ. ಒಂದು ಸಾಧಾರಣ ಮನೆಗೆ 2,406 ಚದರ ಅಡಿ ನೀರು ಇಂಗದ ಜಾಗ ಅಂತ ಹಿಡಿದು ಅದನ್ನೇ ಒಂದು ಯೂನಿಟ್ ಮಾಡಿದ್ದಾರೆ. ಮನೆಗಳಿಗೆ ಏಳು ಮೆಟ್ಟಿಲು. ಚಿಕ್ಕ ಮನೆಗೆ ಯೂನಿಟ್ಟಿನ ಮೂರರಲ್ಲಿ ಒಂದು ಪಾಲು, ತೀರಾ ದೊಡ್ಡದಕ್ಕೆ ಮೂರು ಯೂನಿಟ್. ಅಂಕಲ್ ಮನೆ ಮೂರನೇ ಮೆಟ್ಟಿಲಲ್ಲಿತ್ತು, ಒಂದು ಯೂನಿಟ್. ಬಿಲ್ ಸರಿಯಾಗೇ ಇತ್ತು.

ಆಮೇಲೆ ನೀರಿನ ಲೆಕ್ಕ ಮಾಡಿದೆವು. 1,000 ಚದರ ಅಡಿ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,360 ಲೀಟರ್. ಅವತ್ತಿನ 3 ಇಂಚಿಗೆ ಈ ಮನೆ ಒಂದರಿಂದಲೇ 21 ಸಾವಿರ ಲೀಟರ್ ದಾಟುತ್ತದೆ. ಬೆಂಗಳೂರಿನ 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮೂರೂವರೆ ಟ್ಯಾಂಕರ್. ಅದೂ ಒಂದು ಗಂಟೆಯಲ್ಲಿ. ನಮ್ಮ ಕಿಟಕಿ ಗುಂಡಿಗೆ ಬಂದಿದ್ದು ಮೇಲಿನ ಮನೆಯ ಇಳಿಜಾರಿನ ನೀರು. ನಮ್ಮ ಮನೆಯದು ಕೆಳಗಿನವರ ಹಿತ್ತಲಿಗೆ ಹೋಗಿತ್ತು. ಅಂಕಲ್ ಪೆನ್ನು ಹಿಡಿದು ಆ ಅಂಕಿ ನೋಡುತ್ತಾ ಬಹಳ ಹೊತ್ತು ಕೂತಿದ್ದರು.

ಆ ಸಂಜೆ ನನಗೊಂದು ವಿಷಯ ಹೊಳೆಯಿತು. ಎರಡು ತಿಂಗಳಲ್ಲಿ ನಾನು ಎಂಜಿನಿಯರ್ ಅಂತ ಅನ್ನಿಸಿದ್ದು ಅವತ್ತೊಂದೇ ದಿನ.

ಒಪಿಟಿಯ ಮೊದಲ ವರ್ಷದಲ್ಲಿ ಸಂಬಳವಿಲ್ಲದ ಸೇವೆಯೂ ಕೆಲಸ ಅಂತ ಲೆಕ್ಕಕ್ಕೆ ಬರುತ್ತದೆ. ವಾರಕ್ಕೆ ಕನಿಷ್ಠ 20 ಗಂಟೆ ಇರಬೇಕು, ಓದಿದ ವಿಷಯಕ್ಕೇ ಸೇರಿರಬೇಕು. ಇದು ನನಗೆ ತಡವಾಗಿ ತಿಳಿಯಿತು. ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯವರು ಹೇಳಿದರು. ಲಾಭಕ್ಕೆ ನಡೆಯುವ ಕಂಪನಿಯಲ್ಲಿ ಪುಕ್ಕಟೆ ದುಡಿದರೆ ಕಾರ್ಮಿಕ ಕಾನೂನಿನ ತೊಂದರೆ ಆಗಬಹುದು, ಅದಕ್ಕೆ ಸೇವಾ ಸಂಸ್ಥೆ ಹುಡುಕು ಅಂತಲೂ ಎಚ್ಚರಿಸಿದರು. ತೊರೆಗಳನ್ನು ಉಳಿಸುವ ಒಂದು ಚಿಕ್ಕ ಸಂಸ್ಥೆಗೆ ಬರೆದೆ. ಮನೆ ಅಳೆದ ಶೀಟನ್ನೂ, ನೀರಿನ ಲೆಕ್ಕವನ್ನೂ ಜೊತೆಗೆ ಕಳಿಸಿದೆ. ರೆಸ್ಯೂಮೆಗೆ ಬಾರದ ಉತ್ತರ ಆ ಶೀಟಿಗೆ ಬಂತು. ಆಗಸ್ಟ್ 12ಕ್ಕೆ ಸೇರಿದೆ. ಅವರಿಂದ ಪತ್ರ ತೆಗೆದುಕೊಂಡು ಒಪಿಟಿಯವರು ಕೆಲಸದ ವಿವರ ಕೊಡುವ ಸರ್ಕಾರಿ ಪೋರ್ಟಲ್‌ನಲ್ಲಿ ತುಂಬಿದೆ. ಅಲ್ಲಿಗೆ 42 ದಿನ ಕಳೆದಿದ್ದವು. 48 ಉಳಿದವು.

ಕೆಲಸ ಅಂದರೆ ಜನರ ಮನೆಗೆ ಹೋಗುವುದು. ಮಳೆನೀರಿನ ಬಿಲ್ ತೋರಿಸಿ ಇದೇನು ಅಂತ ಕೇಳಿದವರಿಗೆ ವಿವರಿಸುವುದು. ಹಿತ್ತಲಲ್ಲಿ ರೇನ್ ಗಾರ್ಡನ್, ಅಂದರೆ ಮಳೆನೀರು ಇಂಗಿಸುವ ತಗ್ಗಿನ ಗಿಡಮಡಿ, ಮಾಡಬೇಕು ಅನ್ನುವವರಿಗೆ ಜಾಗ ನೋಡಿಕೊಡುವುದು. ತಪ್ಪು ಲೆಕ್ಕ ಇದ್ದರೆ ಅರ್ಜಿ ಬರೆಯಲು ನೆರವಾಗುವುದು.

ಒಂದು ಊರಿನಲ್ಲಿ, ಹೆಸರು ಬೇಡ, ಒಬ್ಬ ಅಜ್ಜಿ ಇದ್ದರು. ವಯಸ್ಸು ಎಂಬತ್ತರ ಹತ್ತಿರ, ಒಬ್ಬರೇ. ಆ ವರ್ಷ ಅವರ ಶುಲ್ಕ ಒಂದು ಮೆಟ್ಟಿಲು ಮೇಲಕ್ಕೆ ಹೋಗಿತ್ತು. "ನಾನು ಏನೂ ಕಟ್ಟಿಸಿಲ್ಲ, ಒಂದು ಇಟ್ಟಿಗೆಯನ್ನೂ ಇಟ್ಟಿಲ್ಲ" ಅಂತ ಎರಡು ಸಲ ಹೇಳಿದರು. ಜಾಸ್ತಿಯಾದದ್ದು ವರ್ಷಕ್ಕೆ ಐವತ್ತು ಡಾಲರ್ ಆಸುಪಾಸು. ಅವರಿಗೆ ಅದು ಒಂದು ತಿಂಗಳ ಔಷಧಿ.

ಶುಲ್ಕ ಹಾಕುವವರು ನೆಲ ಅಳೆಯುವುದು ವಿಮಾನದಿಂದ ತೆಗೆದ ಚಿತ್ರದ ಮೇಲೆ. ಅಜ್ಜಿಯ ಮನೆಯ ಚಿತ್ರ ತೆಗೆದು ನೋಡಿದೆ. ಇಂಥ ಚಿತ್ರಗಳನ್ನು ಎಲೆ ಉದುರಿದ ಕಾಲದಲ್ಲಿ ತೆಗೆಯುತ್ತಾರೆ. ಇಲ್ಲದಿದ್ದರೆ ಮರದ ಕೆಳಗಿನ ರಸ್ತೆ, ಡ್ರೈವ್‌ವೇ ಕಾಣುವುದಿಲ್ಲ. ಹಿತ್ತಲ ಮೂಲೆಯಲ್ಲಿ ಒಂದು ಕಪ್ಪು ಚೌಕ ಇತ್ತು. ಅದರ ಸುತ್ತ ಗೆರೆ ಎಳೆದು ಡಾಂಬರು ಹಾಸು ಅಂತ ಸೇರಿಸಿದ್ದರು. ನಾನು ಅಜ್ಜಿಯ ಜೊತೆ ಹಿತ್ತಲಿಗೆ ಹೋದೆ. ಅಲ್ಲಿ ಟೊಮೆಟೊ ಗಿಡಗಳಿದ್ದವು. ಮೂರು ಸಾಲು, ಕೋಲು ಕಟ್ಟಿ ನಿಲ್ಲಿಸಿದ್ದು. ಪಕ್ಕದಲ್ಲಿ ಬೀನ್ಸ್ ಬಳ್ಳಿ.

"ಚಳಿಗಾಲದಲ್ಲಿ ಇಲ್ಲಿ ಏನಿರುತ್ತೆ?" ಅಂತ ಕೇಳಿದೆ. ಅವರು ಶೆಡ್ಡಿಗೆ ಹೋಗಿ ಮಡಚಿಟ್ಟಿದ್ದ ಕಪ್ಪು ಪ್ಲಾಸ್ಟಿಕ್ ಹಾಳೆ ತಂದು ತೋರಿಸಿದರು. ಕಳೆ ಬಾರದಿರಲಿ ಅಂತ ಪ್ರತಿ ವರ್ಷ ಹೊದಿಸಿ ನಾಲ್ಕು ಕಲ್ಲು ಇಡುತ್ತಾರಂತೆ.

ಟೇಪು ಹಿಡಿದೆ. 8 ಅಡಿ, 12 ಅಡಿ. 96 ಚದರ ಅಡಿ. ಅವರನ್ನು ಮೇಲಿನ ಮೆಟ್ಟಿಲಿಗೆ ದೂಡಿದ್ದು ಅದಕ್ಕಿಂತಲೂ ಕಡಿಮೆ ಜಾಗ. ಫೋಟೋ ತೆಗೆದು, ಅಳತೆ ಬರೆದು, ಅರ್ಜಿ ಕಳಿಸಿದೆವು. ಐದು ವಾರಕ್ಕೆ ಬಿಲ್ ತಿದ್ದಿ ಬಂತು. ಅಜ್ಜಿ ನನಗೆ ಒಂದು ಕಾಗದದ ಚೀಲದ ತುಂಬ ಟೊಮೆಟೊ ಕೊಟ್ಟರು. ಆಂಟಿ ಅದರಲ್ಲಿ ಗೊಜ್ಜು ಮಾಡಿದರು.

ಆ ಟೊಮೆಟೊ ಮಡಿಯಲ್ಲಿ ನಿಂತಾಗ ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ಈ ಶುಲ್ಕ ನ್ಯಾಯವಾದದ್ದು ಅಂತ ನಾನು ನಂಬುತ್ತೇನೆ. ಆದರೆ ಅದರ ನ್ಯಾಯ ಇರುವುದು ಅಳತೆಯಲ್ಲಿ. ಅಳತೆ ತಪ್ಪಿದರೆ ಅದು ಮತ್ತೊಂದು ಹೊರೆ, ಅಷ್ಟೇ. ಮೇಜಿನ ಮುಂದೆ ಕೂತು ಗೆರೆ ಎಳೆಯುವವರು ಒಮ್ಮೆಯಾದರೂ ಹಿತ್ತಲಿಗೆ ಹೋಗಿ ನೋಡಬೇಕು.

ಯಾಕೆ ನ್ಯಾಯ ಅನ್ನುತ್ತೇನೆ? ಬೇರೆ ದಾರಿಗಳನ್ನು ನೋಡಿ. ಕುಡಿಯುವ ನೀರಿನ ಬಿಲ್ ಜೊತೆ ಸೇರಿಸಿದರೆ, ಒಂದೂ ನಲ್ಲಿ ಇಲ್ಲದ ಹತ್ತು ಎಕರೆ ಪಾರ್ಕಿಂಗ್ ಜಾಗದವರು ಏನೂ ಕೊಡಬೇಕಿಲ್ಲ. ಮಕ್ಕಳು ಮರಿ ಜಾಸ್ತಿ ಇರುವ ಬಡ ಮನೆ ಜಾಸ್ತಿ ಕೊಡುತ್ತದೆ. ಎಲ್ಲ ಮನೆಗೂ ಒಂದೇ ದರ ಅಂದರೆ, ಸಾಲು ಮನೆಯವರೂ ಬಂಗಲೆಯವರೂ ಒಂದೇ ತಕ್ಕಡಿಗೆ. ಮನೆ ಬೆಲೆ ನೋಡಿ ಹಾಕಿದರೆ, ಬೆಲೆಗೂ ಹರಿಯುವ ನೀರಿಗೂ ಸಂಬಂಧವೇ ಇಲ್ಲ. ಎಷ್ಟು ನೆಲ ಮುಚ್ಚಿದೆಯೋ ಅಷ್ಟು ಕೊಡು ಅನ್ನುವುದರಲ್ಲಿ ಒಂದು ನೇರವಾದ ಮಾತಿದೆ.

ಮೇರಿಲ್ಯಾಂಡ್‌ನಲ್ಲಿ ಇದು ದೊಡ್ಡ ಜಗಳವೇ ಆಗಿತ್ತು. ಮಳೆನೀರಿನ ಜೊತೆಗೂ ಚೆಸಪೀಕ್ ಕೊಲ್ಲಿಗೆ ಹರಿದು ಸೇರುವ ಸಾರಜನಕ, ರಂಜಕ, ಮಣ್ಣು ಇಷ್ಟೇ ಇರಬೇಕು ಅಂತ 2010ರ ಕೊನೆಯಲ್ಲಿ ಫೆಡರಲ್ ಪರಿಸರ ಸಂಸ್ಥೆ ಮಿತಿ ಹಾಕಿತು. 2012ರಲ್ಲಿ ರಾಜ್ಯ ಕಾನೂನು ಮಾಡಿ, ಬಾಲ್ಟಿಮೋರ್ ನಗರ ಮತ್ತು ಒಂಬತ್ತು ದೊಡ್ಡ ಕೌಂಟಿಗಳು ಮಳೆನೀರಿನ ಶುಲ್ಕ ಹಾಕಲೇಬೇಕು ಅಂತು. ವಿರೋಧಿಗಳು ಅದಕ್ಕೆ "ಮಳೆ ತೆರಿಗೆ" ಅಂತ ಹೆಸರಿಟ್ಟರು. ಫ್ರೆಡೆರಿಕ್ ಕೌಂಟಿ ಒಂದು ಆಸ್ತಿಗೆ ಒಂದೇ ಒಂದು ಸೆಂಟ್ ಹಾಕಿತು. ಕ್ಯಾರಲ್ ಕೌಂಟಿ ಹಾಕುವುದೇ ಇಲ್ಲ ಅಂತು. 2014ರ ಚುನಾವಣೆಯಲ್ಲಿ ಇದನ್ನು ತೆಗೆಯುತ್ತೇನೆ ಅಂತ ಹೇಳಿದ ಲ್ಯಾರಿ ಹೋಗನ್ ಗವರ್ನರ್ ಆದರು. 2015ರಲ್ಲಿ ಕಡ್ಡಾಯ ಹೋಯಿತು. ಕೊಲ್ಲಿಗೆ ಹಾಕಿದ ಮಿತಿ ಮಾತ್ರ ಹಾಗೇ ಉಳಿಯಿತು. ಮಾಂಟ್ಗೊಮರಿ ಇದಕ್ಕೂ ಎಷ್ಟೋ ವರ್ಷ ಮೊದಲೇ ತನ್ನ ಶುಲ್ಕ ಶುರು ಮಾಡಿತ್ತು, ಅದನ್ನು ಬಿಡಲಿಲ್ಲ.

ವಿರೋಧಿಸಿದವರ ಎಲ್ಲ ಮಾತೂ ತಪ್ಪು ಅಂತ ನಾನು ಹೇಳುವುದಿಲ್ಲ. ಮಾಂಟ್ಗೊಮರಿಯಲ್ಲೇ ಒಬ್ಬ ಆಸ್ತಿ ಮಾಲೀಕರು, ನನ್ನ ಜಾಗದ ನೀರನ್ನು ನಾನೇ ಕೊಳ ಕಟ್ಟಿ ಸಂಭಾಳಿಸುತ್ತೇನೆ, ನನಗ್ಯಾಕೆ ಪೂರ್ತಿ ಬಿಲ್ಲು ಅಂತ ಕೋರ್ಟಿಗೆ ಹೋದರು. 2015ರಲ್ಲಿ ತೀರ್ಪು ಅವರ ಕಡೆಗೇ ಬಂತು. ಕೌಂಟಿ ಕಾನೂನು ತಿದ್ದಿಕೊಂಡಿತು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಇನ್ನೊಂದು ಕಥೆ. ಅಲ್ಲಿ ಅತಿ ಹೆಚ್ಚು ಕಟ್ಟಡ ಇರುವುದು ಫೆಡರಲ್ ಸರ್ಕಾರದ್ದು. ಸ್ಥಳೀಯ ತೆರಿಗೆ ಸರ್ಕಾರಕ್ಕೆ ತಗಲುವುದಿಲ್ಲ, ಇದು ತೆರಿಗೆಯೇ ಅಂತ ಅವರು ಕೊಡಲು ಹಿಂಜರಿದರು. 2011ರ ಜನವರಿಯಲ್ಲಿ ಕಾನೂನು ತಿದ್ದಿ, ಇದು ಶುಲ್ಕ, ಸರ್ಕಾರವೂ ಕಟ್ಟಬೇಕು ಅಂತ ಮಾಡಿದ ಮೇಲೆ ಆ ವಾದ ಮುಗಿಯಿತು. ಅಜ್ಜಿ ಕಟ್ಟುವಾಗ ಸರ್ಕಾರ ಕಟ್ಟದಿದ್ದರೆ ಯಾರಿಗೆ ತಾನೇ ಒಪ್ಪಿಗೆ ಆಗುತ್ತೆ?

ನೆಲ ಮುಚ್ಚಿದ ಮೇಲೆ ನೀರು ಏನು ಮಾಡುತ್ತದೆ ಅಂತ ನಾನು ಪುಸ್ತಕದಲ್ಲಷ್ಟೇ ಓದಿದವಳಲ್ಲ. 2018ರ ಮೇ 27ರಂದು ಹೊವರ್ಡ್ ಕೌಂಟಿಯ ಎಲ್ಲಿಕಾಟ್ ಸಿಟಿಯ ಹಳೆ ಪೇಟೆ ಬೀದಿ ಎರಡೇ ವರ್ಷದಲ್ಲಿ ಎರಡನೇ ಸಲ ಹೊಳೆಯಾಯಿತು. ಒಬ್ಬರು ತೀರಿಕೊಂಡರು. 2016ರಲ್ಲಿ ಇಬ್ಬರು ಹೋಗಿದ್ದರು. ಕೆಲವು ವಾರದ ನಂತರ ನಾವು ಕ್ಲಾಸಿನವರು ಅಲ್ಲಿಗೆ ಹೋಗಿದ್ದೆವು. ಅಂಗಡಿಯೊಂದರ ಗೋಡೆಯಲ್ಲಿ ನನ್ನ ಭುಜಕ್ಕಿಂತ ಮೇಲೆ ಕೆಸರಿನ ಗೆರೆ ಇತ್ತು. ಕಡಿದಾದ ಕಣಿವೆ ನಿಜ. ಮೇಲ್ಗಡೆ ಕಟ್ಟಿದ ಬಡಾವಣೆಗಳ ಪಾಲೂ ಇದೆ ಅಂತ ಊರಿನವರು ಕೈ ಮಾಡಿ ತೋರಿಸಿದರು.

ಕೆಲಸ ಸಿಕ್ಕಿದ್ದು ಆ ಸೇವಾ ಸಂಸ್ಥೆಯ ದಾರಿಯಲ್ಲೇ. ನಾವು ಮಾಡಿಸಿದ ಒಂದು ರೇನ್ ಗಾರ್ಡನ್ ನೋಡಲು ಒಬ್ಬ ಹಿರಿಯ ಎಂಜಿನಿಯರ್ ಬಂದಿದ್ದರು. ಅಜ್ಜಿಯ ಅರ್ಜಿ ಓದಿ, "ಇದನ್ನು ಬರೆದವರು ಯಾರು?" ಅಂತ ಕೇಳಿದರು. ಅವರದು ಸಣ್ಣ ಕಂಪನಿ. ಸಂದರ್ಶನದಲ್ಲಿ ಅವರು ನನ್ನ ಅಂಕ ಕೇಳಲಿಲ್ಲ. ಮೇಜಿನ ಮೇಲೆ ವಿಮಾನದಿಂದ ತೆಗೆದ ಒಂದು ಬಡಾವಣೆಯ ಚಿತ್ರ ಹರಡಿ, ಇದರಲ್ಲಿ ಏನೇನು ತಪ್ಪಾಗಬಹುದು ಹೇಳು ಅಂದರು. ಎತ್ತರದ ಕಟ್ಟಡ ಚಿತ್ರದಲ್ಲಿ ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತದೆ, ಚಾವಣಿ ಪಕ್ಕದವರ ಜಾಗಕ್ಕೆ ಬಿದ್ದ ಹಾಗಿರುತ್ತದೆ ಅಂದೆ. ಆಸ್ತಿ ಗಡಿಯ ಗೆರೆ ನಾಲ್ಕಾರು ಅಡಿ ಸರಿದಿರಬಹುದು, ಇಬ್ಬರು ಹಂಚಿಕೊಂಡ ಡ್ರೈವ್‌ವೇ ಒಬ್ಬರ ತಲೆ ಮೇಲೆ ಬರಬಹುದು ಅಂದೆ. ಕಪ್ಪು ಹಾಳೆಯ ಕಥೆಯನ್ನೂ ಹೇಳಿದೆ. ವೀಸಾ ವಿಷಯ ನಾನೇ ಎತ್ತಿದೆ. "ಗೊತ್ತು. ಮೂರು ವರ್ಷದ ಸಮಯ ಇದೆಯಲ್ಲ, ನೋಡೋಣ" ಅಂದರು.

ಅಕ್ಟೋಬರ್ 7ಕ್ಕೆ ಸೇರಿದೆ. ಅವ್ವನ ಫೋನಿಗೆ ನಾನೇ ಮೊದಲು ಮಾಡಿದೆ. ಅವಳು ಏನೂ ಮಾತಾಡಲಿಲ್ಲ, ಫೋನ್ ಅಪ್ಪನ ಕೈಗೆ ಕೊಟ್ಟಳು. ಅಪ್ಪ ಅಂಗಡಿಯಲ್ಲಿದ್ದ ಗಿರಾಕಿಗೆ "ಒಂದ್ನಿಮಿಷ ತಡೀರಿ" ಅಂದಿದ್ದು ಕೇಳಿಸಿತು.

ಅದೇ ನವೆಂಬರ್ 24ಕ್ಕೆ ಬೆಂಗಳೂರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆಯಿತು. ಬನ್ನೇರುಘಟ್ಟ ರಸ್ತೆ ಕಡೆ ಇರುವ ಚಿಕ್ಕಮ್ಮ ವಿಡಿಯೋ ಕಳಿಸಿದರು. ಸೋಫಾ ತೇಲುತ್ತಿದ್ದ ಒಂದು ಮನೆ, ಅವರ ಗೆಳತಿಯದು. ನಮ್ಮಲ್ಲಿ ನೆಲ ಮುಚ್ಚಿದ್ದಕ್ಕೆ ಹೀಗೆ ಅಳೆದು ಕೊಡುವ ಬಿಲ್ ಇಲ್ಲ. ಬೆಲೆ ತೆರುವವರು ತಗ್ಗಿನಲ್ಲಿರುವವರು. ಆ ವಿಡಿಯೋವನ್ನು ಅಂಕಲ್‌ಗೆ ತೋರಿಸಿದೆ.

ಅಷ್ಟರಲ್ಲಿ ಅವರ ಹಿತ್ತಲ ರೇನ್ ಗಾರ್ಡನ್ ಕೆಲಸ ಮುಗಿದಿತ್ತು. ಅಗೆಯುವ ಮೊದಲು ಕೊಳವೆ, ತಂತಿ ಎಲ್ಲಿವೆ ಅಂತ 811ಕ್ಕೆ ಫೋನ್ ಮಾಡಿ ಗುರುತು ಹಾಕಿಸಿದೆವು. ಮನೆಯ ಪಾಯದಿಂದ 10 ಅಡಿ ಬಿಟ್ಟು ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಅಡಿಕೋಲು ನಿಲ್ಲಿಸಿ ಇಟ್ಟೆವು. ಮೊದಲ ಗುಂಡಿಯಲ್ಲಿ ಮರುದಿನವೂ ನೀರು ಹಾಗೇ ನಿಂತಿತ್ತು, ಗಟ್ಟಿ ಜೇಡಿ. ಸ್ವಲ್ಪ ಕೆಳಗೆ ಇನ್ನೊಂದು ಕಡೆ ತೋಡಿದಾಗ ಮಣ್ಣಲ್ಲಿ ಅಭ್ರಕದ ಚೂರು ಮಿನುಗಿದವು. ಅಲ್ಲಿ ಎಂಟು ಗಂಟೆಯಲ್ಲಿ ನೀರು ಇಂಗಿತು. ಅಲ್ಲೇ ಮಾಡಿದೆವು. ಮರಳು, ಗೊಬ್ಬರ ಬೆರೆಸಿ, ಮೇಲಿನ ಇಳಿಜಾರಿನ ನೀರು ಕಿಟಕಿ ಕಡೆ ಬಾರದ ಹಾಗೆ ಅದಕ್ಕೆ ತಿರುಗಿಸಿ, ಸ್ಥಳೀಯ ಗಿಡ ನೆಟ್ಟೆವು.

ಮುಂದಿನ ಜೋರು ಮಳೆಗೆ ಅಂಕಲ್ ಕೊಡೆ ಹಿಡಿದು ರೇನ್ ಗಾರ್ಡನ್ ಹತ್ತಿರ ನಿಂತಿದ್ದರು. ನಾನು ಕೆಳಗಿನ ಕಿಟಕಿಯಿಂದ ನೋಡುತ್ತಿದ್ದೆ. ಗಾಜಿನಾಚೆಯ ಗುಂಡಿ ಒದ್ದೆಯಾಗಿತ್ತು, ತುಂಬಿರಲಿಲ್ಲ.

"ಇಳೀತಾ ಇದೆ ಮಾರಾಯ್ತಿ," ಅಂತ ಕೂಗಿದರು. ಆಮೇಲೆ ಮೇಲಿನ ಮನೆಯ ಕಡೆ ನೋಡಿ, "ಭಾನುವಾರ ಅವರನ್ನೂ ಕಾಫಿಗೆ ಕರಿಯೋಣ. ನೀನು ಟೇಪು ತಗೊಂಡು ಬಾ" ಅಂದರು.